ಮಂಡಿಗೆ ಊಟ ಮುಟ್ಟುವ ದಾರಿ

ನನ್ನ ಬಲಗಾಲಿನ ಮಂಡಿ ನಲವತ್ತಾರು ವರ್ಷ ಯಾವ ಸನ್ಮಾನವನ್ನೂ ಬಯಸದೆ ಸೇವೆ ಸಲ್ಲಿಸಿದ ಅಂಗ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಟೇಲರ್ ಅಂಗಡಿ. ಹಗಲೆಲ್ಲ ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುವುದು, ಹೊತ್ತುಹೊತ್ತಿಗೆ ಎದ್ದು ಹೋಗಿ ನಮಾಜಿನಲ್ಲಿ ಮಡಚುವುದು, ಮನೆಗೆ ಬಂದು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕುವುದು, ಇಷ್ಟು ಅದರ ಕೆಲಸ. ಆ ದಿನಗಳಲ್ಲಿ ಯಾರಾದರೂ ಅಂಗಡಿಗೆ ಬಂದು "ಮಾಸ್ತರ್, ನಿಮ್ಮ ಮಂಡಿ ಹೆಂಗೈತಿ?" ಎಂದು ಕೇಳಿದ್ದರೆ ನಾನು ಅವರ ತಲೆಯ ಬಗ್ಗೆ ಚಿಂತೆ ಮಾಡುತ್ತಿದ್ದೆ.

ಈಗ ಯಾರೂ ಕೇಳದಿದ್ದರೂ ನಾನೇ ಹೇಳಲು ಹೊರಟಿದ್ದೇನೆ. ಅದಕ್ಕೊಂದು ಕಾರಣವಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ ಆ ವರ್ಷ, ನನ್ನಷ್ಟೇ ಹೆದರಿದ ಇನ್ನೊಬ್ಬ ಗಂಡಸು ಈ ಭೂಮಿಯ ಮೇಲೆ ಇದ್ದಾನೆ ಎಂದು ಯಾರಾದರೂ ಹೇಳಿದ್ದರೆ ನನಗೆ ಅರ್ಧ ಗುಣವಾಗುತ್ತಿತ್ತು. ಯಾರೂ ಹೇಳಲಿಲ್ಲ. ಎಲ್ಲರೂ ಧೈರ್ಯ ಹೇಳಿದರು. ಧೈರ್ಯ ಹೇಳುವವರು ಹೆಚ್ಚಾದಷ್ಟೂ ನನಗೆ ಅಂಜಿಕೆ ಹೆಚ್ಚಾಯಿತು.

ಒಂದು ಮಾತು ಮೊದಲೇ. ನಮ್ಮ ಮನೆಯ ಮಾತು ಉರ್ದು. ಆದರೆ ನಮ್ಮ ಉರ್ದುವಿನಲ್ಲಿ ಅರ್ಧ ಕನ್ನಡವೇ ಇರುವುದರಿಂದ, ಉಳಿದರ್ಧವನ್ನೂ ಕನ್ನಡಕ್ಕೇ ಸೇರಿಸಿ ಬರೆದುಬಿಡುತ್ತೇನೆ. ಯಾರಿಗೂ ನಷ್ಟವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತಿದು. ಶಾಲೆಗಳು ತೆರೆಯುವ ಹೊತ್ತಿಗೆ ಹರಪನಹಳ್ಳಿಯಿಂದ ಸಮವಸ್ತ್ರದ ಬಟ್ಟೆಯ ಗಂಟು ಹೊತ್ತು ತಂದಿದ್ದೆ. ಕೊಟ್ಟೂರಿನಲ್ಲಿ ಬಸ್ಸಿಂದ ಇಳಿಯುವಾಗ ಕಾಲು ಜಾರಿತು. ಗಂಟು ಕೈಬಿಟ್ಟು ಕಂಬಿ ಹಿಡಿಯಬಹುದಿತ್ತು. ಆದರೆ ಕೆಳಗೆ ಕೆಸರಿತ್ತು, ಬಟ್ಟೆ ಬಿಳಿ. ಗಂಟನ್ನು ತಲೆಯ ಮೇಲೆತ್ತಿ ಹಿಡಿದು, ಬಸ್ಸಿನ ಕಬ್ಬಿಣದ ಮೆಟ್ಟಿಲಿಗೆ ಮಂಡಿಯನ್ನು ಅರ್ಪಿಸಿದೆ. ಬಟ್ಟೆಗೆ ಒಂದು ಕಲೆಯೂ ಆಗಲಿಲ್ಲ.

ಸಂಜೆಯ ಹೊತ್ತಿಗೆ ಮಂಡಿ ಕುಂಬಳಕಾಯಿಯಾಯಿತು. ಊರಿನ ಡಾಕ್ಟರರು ಸೂಜಿ ಹಾಕಿ ನೀರು ಎಳೆದರು. ನನ್ನ ಕಸುಬೂ ಸೂಜಿಯದೇ. ಆದರೆ ಸೂಜಿಯ ಈಚೆ ತುದಿಯಲ್ಲಿ ಕೂತು ಅಭ್ಯಾಸವಿತ್ತೇ ಹೊರತು ಆಚೆ ತುದಿಯಲ್ಲಿ ಅಲ್ಲ. ಸಿರಿಂಜಿನಲ್ಲಿ ಎಳ್ಳೆಣ್ಣೆಯ ಬಣ್ಣದ ನೀರು ಏರುತ್ತ ಬಂತು. ನಡುವೆ ರಕ್ತದ ಎಳೆ. ಇಷ್ಟೊಂದು ನೀರು ನನ್ನೊಳಗೆ ಎಲ್ಲಿ ಅಡಗಿತ್ತು, ತೆಗೆದ ಮೇಲೆ ಉಳಿದದ್ದು ಏನು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಡಾಕ್ಟರರು ಮುಂದಿನ ಚೀಟಿ ಕೂಗಿದರು. ಮುಂದಿನ ವಾರ ಮತ್ತೆ ತುಂಬಿತು. ಮತ್ತೆ ಎಳೆದರು. "ದಾವಣಗೆರಿಗೆ ಹೋಗಿ ಎಕ್ಸರೇ ತೆಗಿಸ್ರಿ" ಎಂದರು.

ದಾವಣಗೆರೆಗೆ ನನ್ನನ್ನು ಕರೆದೊಯ್ದವನು ದಾದಾಪೀರ್, ನನ್ನ ಹೆಂಡತಿ ಹಲೀಮಾಳ ತಮ್ಮ. ಹರಪನಹಳ್ಳಿಯಲ್ಲಿ ಪಂಪುಸೆಟ್ಟು, ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಾನೆ. ನನ್ನನ್ನು 'ದುಲ್ಹಾಭಾಯ್' ಅನ್ನುತ್ತಾನೆ. ಅಕ್ಕನ ಗಂಡನನ್ನು ನಮ್ಮಲ್ಲಿ ಹಾಗೆ ಕರೆಯುವುದು. ಮನುಷ್ಯ ಚಿನ್ನ. ಕೈ ಮಾತ್ರ ಸದಾ ಗ್ರೀಸು.

ಎಲುಬಿನ ಸರ್ಜನ್ನರು ಎಕ್ಸರೇ ಬೆಳಕಿಗೆ ಹಿಡಿದು, "ಎಲುಬು ಮುರಿದಿಲ್ಲ. ಕೀಲಿನ ಒಳಗಿನ ಗಾದಿಗೆ ಪೆಟ್ಟಾಗಿದೆ. ಸ್ವಲ್ಪ ಸವೆತಾನೂ ಇದೆ. ಬಾವು ಇಳಿಯೋ ತನಕ ಎರಡು ಮೂರು ವಾರ ರೆಸ್ಟ್ ಕೊಡಿ, ಆಮೇಲೆ ಬಂದು ತೋರಿಸಿ" ಎಂದರು.

ಇದರಲ್ಲಿ ನನ್ನ ಕಿವಿಗೆ ಬಿದ್ದದ್ದು 'ಪೆಟ್ಟು'. ದಾದಾಪೀರನ ಕಿವಿಗೆ ಬಿದ್ದದ್ದು 'ಸವೆತ'. 'ಎರಡು ಮೂರು ವಾರ' ಮತ್ತು 'ಬಂದು ತೋರಿಸಿ' ಎಂಬ ಮಾತುಗಳು ಯಾರ ಕಿವಿಗೂ ಬೀಳದೆ ಅಲ್ಲೇ ಆಸ್ಪತ್ರೆಯ ಗೋಡೆಗೆ ಅಂಟಿಕೊಂಡು ಉಳಿದವು.

ಬಸ್ಸಿನಲ್ಲಿ ದಾದಾಪೀರ್ ತನ್ನ ಕಸುಬಿನ ಮಹಾವಾಕ್ಯವನ್ನು ಬೋಧಿಸಿದ. "ದುಲ್ಹಾಭಾಯ್, ಓಡಿದ್ದು ಸವೀತೈತಿ, ನಿಂತದ್ದು ಉಳೀತೈತಿ. ಬೇರಿಂಗ್ ಹೋದ ಎಂಜಿನ್ನ ಯಾರಾದ್ರೂ ಓಡಿಸ್ತಾರೇನು? ಬಂದ್ ಮಾಡಿ ಇಡಬೇಕು. ಇದ್ದಷ್ಟಾದ್ರೂ ಉಳೀತೈತಿ."

ನನಗೆ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ. ನಮ್ಮ ವಂಶದಲ್ಲಿ ಟೇಲರು, ನನ್ನ ಹೆಂಡತಿಯ ವಂಶದಲ್ಲಿ ಮೆಕ್ಯಾನಿಕ್ಕು. ಬಳಸಿದ ಬಟ್ಟೆ ಸವೆಯುತ್ತದೆ, ಓಡಿಸಿದ ಯಂತ್ರ ಸವೆಯುತ್ತದೆ. ಎರಡೂ ಮನೆತನಗಳ ಅನ್ನ ಬಂದದ್ದೇ ಈ ಸತ್ಯದಿಂದ. ಮಂಡಿ ಬೇರೆ ಕಾಯ್ದೆಗೆ ಒಳಪಟ್ಟಿರಬಹುದು ಎಂಬ ಅನುಮಾನ ಯಾರಿಗೆ ಬರಬೇಕು?

ಮಂಡಿಯ ಸಂರಕ್ಷಣಾ ಕಾರ್ಯ ಆರಂಭವಾಯಿತು. ಬಟ್ಟೆ ಅಳೆಯುವ ನನ್ನ ಮರದ ಗಜಕಡ್ಡಿಯನ್ನೇ ಕಾಲಿನ ಹಿಂದೆ ಇಟ್ಟು, ತೊಡೆಯಿಂದ ಮೀನಖಂಡದವರೆಗೆ ಪಟ್ಟಿ ಬಿಗಿದರು. ನೆರಿಗೆಯಿಲ್ಲದ ಪಟ್ಟಿ, ಟೇಲರನ ಹೆಂಡತಿ ಕಟ್ಟಿದ್ದು. ನಡೆಯಲು ಕೈಗೊಂದು ಊರುಗೋಲು ಬಂತು. ದಾದಾಪೀರ್ ಒಂದು ಮಧ್ಯಾಹ್ನ ಬಗಲಲ್ಲಿ ಸಣ್ಣ ಮೋಟರ್ ಇಟ್ಟುಕೊಂಡು ಬಂದ. ಬಳ್ಳಾರಿಯಿಂದ ತರಿಸಿದ್ದಂತೆ. ನನ್ನ ಮಿಷನ್ನಿಗೆ ಅದನ್ನು ಕೂಡಿಸಿ, ಚರ್ಮದ ಬೆಲ್ಟು ಕಳಚಿ ಗೂಟಕ್ಕೆ ತೂಗುಹಾಕಿದ. ಎಡಗಾಲಿನ ಬೆರಳು ತಾಗಿಸಿದರೆ ಸಾಕು, ಮಿಷನ್ ಜೇನುಹುಳದಂತೆ ಗುಂಯ್ ಅನ್ನುತ್ತಿತ್ತು. ಕರೆಂಟ್ ಇದ್ದಾಗ ಎಂಬ ಷರತ್ತಿನ ಮೇಲೆ.

"ಬಲಗಾಲು ಇನ್ನ ರಿಟೈರು" ಎಂದ ದಾದಾಪೀರ್. ಅವನ ಕಣ್ಣಲ್ಲಿ ನೀರಿತ್ತು. ಅಕ್ಕನ ಮನೆಗೆ ಮಾಡಿದ ಉಪಕಾರದ ನೀರು. ನಾನೂ ಕೈಮುಗಿದೆ.

ನಿವೃತ್ತ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಮಲಗಿಸಲಾಯಿತು. ಗಿರಾಕಿಗಳು ಅದನ್ನು ಸುತ್ತು ಹಾಕಿ ಬರುತ್ತಿದ್ದರು. ಹಲೀಮಾ ದಿನವೂ ಕುರಿಯ ಕಾಲುಗಳ ಸೂಪು ಮಾಡಿ ಕೊಟ್ಟಳು. ಕಾಲಿಗೆ ಕಾಲೇ ಮದ್ದು ಎಂಬುದು ನಮ್ಮ ಮನೆಯ ವೈದ್ಯಶಾಸ್ತ್ರ. ತಂಬ್ರಹಳ್ಳಿ ಸೀಮೆಯ ಎಷ್ಟು ಕುರಿಗಳು ನನ್ನ ಒಂದು ಮಂಡಿಗಾಗಿ ನಾಲ್ಕು ನಾಲ್ಕು ಕಾಲು ಕೊಟ್ಟವೋ, ಆ ಲೆಕ್ಕ ಬೇರೆಡೆ ಕೊಡಬೇಕಾಗುತ್ತದೆ.

ಬಾವು ಇಳಿಯಿತು. ನೋವೂ ಹೋಯಿತು. ಮಳೆಗಾಲ ಕಳೆದು ಚಳಿ ಬಂತು. ನೋವಿಲ್ಲದ ಮಂಡಿಯನ್ನು ಡಾಕ್ಟರರಿಗೆ ತೋರಿಸಿ ಅವರ ಹೊತ್ತು ಯಾಕೆ ಹಾಳು ಮಾಡುವುದು ಎಂದು ನಾವು ಹೋಗಲಿಲ್ಲ. ಇನ್ನೊಂದಿಷ್ಟು ದಿನ ಉಳಿಸೋಣ, ಇನ್ನೊಂದಿಷ್ಟು ದಿನ ಉಳಿಸೋಣ ಎಂದು ಮಂಡಿಯನ್ನು ಪೆಟ್ಟಿಗೆಯಲ್ಲಿಟ್ಟ ರೇಷ್ಮೆಯಂತೆ ಇಟ್ಟೆವು.

ಒಂದು ಬೆಳಿಗ್ಗೆ ಸ್ನಾನಕ್ಕೆಂದು ಪಟ್ಟಿ ಬಿಚ್ಚಿದಾಗ, ಬಚ್ಚಲಿನ ಮಣೆಯ ಮೇಲೆ ಕೂರೋಣ ಎಂದು ಕಾಲು ಮಡಚಲು ನೋಡಿದೆ. ಮಡಚಲಿಲ್ಲ. ನೋವಾಗಿ ನಿಂತದ್ದಲ್ಲ. ಬಾಗಿಲಿನ ಆಚೆ ಯಾರೋ ಅಗಳಿ ಹಾಕಿದಂತೆ ಸುಮ್ಮನೆ ನಿಂತುಬಿಟ್ಟಿತು. ಎರಡೂ ಕೈಯಿಂದ ಹಿಡಿದು ಒತ್ತಿದೆ. ಒಳಗೆ ಒಣ ತೊಗಲು ಮುರಿದಂಥ ಸದ್ದು. ಕೈ ಬಿಟ್ಟೆ. ಬಿಸಿನೀರು ಆರಿ ತಣ್ಣಗಾಗುವವರೆಗೆ ಗೋಡೆಗೆ ಒರಗಿ ನಿಂತಿದ್ದೆ. ಹೊರಗಿನಿಂದ ಹಲೀಮಾ, "ಏನ್ರೀ, ಮದಿಮಗ ಮಿಂದಂಗ ಮೀಯಾಕ ಹತ್ತೀರಿ?" ಎಂದಳು. ಆರಿದ ನೀರನ್ನೇ ಮೈಮೇಲೆ ಸುರಿದುಕೊಂಡೆ.

ಆ ಸಂಜೆ ಅಂಗಡಿಯ ಬಾಗಿಲು ಮುಂದೆ ಮಾಡಿ ಅಳತೆಪಟ್ಟಿಯನ್ನು ಅವಳ ಕೈಗೆ ಕೊಟ್ಟೆ. ಎರಡೂ ತೊಡೆ ಅಳೆ ಎಂದೆ. ಎಡದ್ದು ಅಳೆದಳು. ಬಲದ್ದು ಅಳೆದಳು. ಅಳೆದು, "ಎಲ್ಲಾ ಸರಿ ಐತಿ. ಅದಷ್ಟಾ ಇದಷ್ಟಾ" ಎಂದಳು. ಇಷ್ಟು ವರ್ಷ ಟೇಲರನ ಜೊತೆ ಸಂಸಾರ ಮಾಡಿದ ಹೆಂಗಸು ಟೇಲರನಿಗೇ ಅಳತೆಯಲ್ಲಿ ಸುಳ್ಳು ಹೇಳಬಾರದು. ಪಟ್ಟಿಯ ಮೇಲೆ ಅವಳ ಹೆಬ್ಬೆರಳು ಎರಡು ಸಲ ಕೂತ ಜಾಗ ನನಗೆ ಕಾಣುತ್ತಿತ್ತು. ಎರಡನೆಯ ಸಲ ಬಹಳ ಹಿಂದೆ ಕೂತಿತ್ತು. ನಾನೂ "ಹೂಂ, ಸರಿ ಐತಿ" ಎಂದೆ. ಅವಳು ಪಟ್ಟಿಯನ್ನು ಸುತ್ತಿ ಸುತ್ತಿ, ಅದು ಇನ್ನು ಸುತ್ತಲು ಬಾರದಷ್ಟು ಸಣ್ಣದಾದ ಮೇಲೂ ಸುತ್ತುತ್ತಲೇ ಇದ್ದಳು.

ಹೆದರಿದವನಿಗೆ ಹೆದರಿಸುವವರು ಹುಡುಕಿಕೊಂಡು ಬರುತ್ತಾರೆ. ಆ ವಾರವೇ ಇಟ್ಟಿಗಿಯ ಬಸಣ್ಣ ಪ್ಯಾಂಟು ಹೊಲಿಸಲು ಬಂದ. ಕಿರಾಣಿ ಅಂಗಡಿಯವನು, ನನ್ನ ಹಳೆಯ ಗಿರಾಕಿ. ಹುಡುಗನಾಗಿದ್ದಾಗ ಮಂಡಿಗೆ ಟಿ.ಬಿ. ಆಗಿ, ಡಾಕ್ಟರರು ಜೀವ ಉಳಿಸಲು ಬಲಗಾಲಿನ ಕೀಲನ್ನು ನೆಟ್ಟಗೆ ಮಾಡಿ ಕೂಡಿಸಿಬಿಟ್ಟಿದ್ದರು. ಬಸ್ಸಿನಲ್ಲಿ ಅವನ ಕಾಲು ನಡುದಾರಿಗೆ ಅಡ್ಡಗಂಬ. ಅವನ ಹಳೆಯ ಪ್ಯಾಂಟುಗಳು ರಿಪೇರಿಗೆ ಬಂದಾಗ ನಾನು ಒಂದು ಸಂಗತಿ ಗಮನಿಸುತ್ತಿದ್ದೆ. ಎಡಗಾಲಿನ ಮಂಡಿಯಲ್ಲಿ ಬಟ್ಟೆ ಎಲ್ಲರ ಹಾಗೆ ಉಬ್ಬಿ, ಮಾಸಿ, ತೆಳ್ಳಗಾಗಿರುತ್ತಿತ್ತು. ಬಲಗಾಲಿನದು ನಾನು ಇಸ್ತ್ರಿ ಮಾಡಿ ಕೊಟ್ಟ ದಿನದಂತೆಯೇ ಇರುತ್ತಿತ್ತು. ಒಂದು ಎಳೆಯೂ ಸವೆದಿರುತ್ತಿರಲಿಲ್ಲ.

ದಾದಾಪೀರನ ಮಹಾವಾಕ್ಯ ಅಲ್ಲಿ ಪೂರ್ತಿ ಫಲ ಕೊಟ್ಟಿತ್ತು. ನಿಂತದ್ದು ಉಳಿದಿತ್ತು.

ಬಸಣ್ಣ ನನ್ನ ಚಾಚಿದ ಕಾಲನ್ನು ನೋಡಿ, ತನ್ನದನ್ನೂ ಅದರ ಎದುರಿಗೆ ಚಾಚಿ ಕೂತ. "ಬಾ ಮಾಸ್ತರ, ನಮ್ಮ ಸಂಘಕ್ಕ ಒಬ್ಬ ಹೆಚ್ಚಾದ" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗೆ ನಿಲ್ಲಿಸಿದ. "ಲೇ, ಸುಮ್ನ ಅಂದೆ. ನಿಂದು ಮಡಚ್ತೈತಿಲ್ಲೋ?"

"ಮಡಚವಲ್ದು."

ಅವನು ಗೋಡೆ ಹಿಡಿದು ಎದ್ದ. ಹೋಗುವಾಗ, "ನನಗ ಕೇಳಿದ್ದಿಲ್ಲ ಯಾರೂ. ಸಣ್ಣವ ಇದ್ದೆ. ನೀ ಆದ್ರೂ ಲಗೂನ ಹೋಗಿ ತೋರಿಸು" ಎಂದ.

ಮತ್ತೆ ದಾವಣಗೆರೆ. ಈ ಸಲ ದಾದಾಪೀರನ ಜೊತೆ ಹಲೀಮಾಳೂ ಬಂದಿದ್ದಳು. ಕಾಯುವ ಹಾಲಿನಲ್ಲಿ ಬೆಂಚು, ಬೆಂಚಿನ ತುಂಬ ಕಾಲು. ಪ್ಲಾಸ್ಟರಿನ ಕಾಲು, ರಾಡು ಹಾಕಿದ ಕಾಲು, ಊರುಗೋಲು ಹಿಡಿದ ಕಾಲು. ಕಾಲುಗಳ ಮಾಲೀಕರು ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಎದುರಿನವನ ಕಾಲನ್ನೇ ನೋಡಿ ತಮ್ಮದರ ಜೊತೆ ತೂಗುತ್ತಿದ್ದರು. ನನಗಿಂತ ಕೆಟ್ಟದ್ದನ್ನು ಕಂಡಾಗ ಒಂದು ಗುಟುಕು ಸಮಾಧಾನ, ಅದರ ಬೆನ್ನಿಗೇ ನಾಚಿಕೆ. ಕಾಂಪೌಂಡರ್ ಹೆಸರು ಕೂಗಿದಾಗೆಲ್ಲ ಎದೆ ಮಿಷನ್ನಿನ ಸೂಜಿಯಂತೆ ಹೊಡೆದುಕೊಳ್ಳುತ್ತಿತ್ತು. ನನ್ನ ಹೆಸರಲ್ಲದಿದ್ದಾಗ ದೇವರಿಗೆ ಶುಕ್ರಿಯಾ ಹೇಳುತ್ತಿದ್ದೆ, ಹೆಸರು ಬರಲೆಂದೇ ಅಷ್ಟು ದೂರ ಬಂದಿದ್ದರೂ.

ಸರ್ಜನ್ನರು ಕಾಲು ಹಿಡಿದು ಬಗ್ಗಿಸಿ ನೋಡಿದರು. "ಎರಡು ಮೂರು ವಾರ ಅಂದಿದ್ದೆ" ಎಂದರು. ನಾವು ಮೂವರೂ ನೆಲ ನೋಡಿದೆವು.

"ಆರು ವಾರ ನೋಡೋಣ" ಎಂದರು. "ವ್ಯಾಯಾಮ ಬರೆದುಕೊಡ್ತೀನಿ. ಎಲ್ಲರ ಥರ ಕುರ್ಚಿ ಮೇಲೆ ಕೂತರೆ ಪಾದ ನೆಲಕ್ಕೆ ಊರುವಷ್ಟು ಬಗ್ಗಿದರೆ ಸರಿ. ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಬಗ್ಗಿಸಿ ನೋಡಬೇಕು. ಆಗಲೂ ಒಳಗೆ ತೀರಾ ಕೆಟ್ಟಿದೆ ಅಂತ ಕಂಡರೆ, ನೋವಿಲ್ಲದ ಹಾಗೆ ಕೀಲನ್ನ ನೆಟ್ಟಗೆ ಕೂಡಿಸಿಬಿಡೋದು ಒಂದು ದಾರಿ. ಹೊಸ ಮಂಡಿ ಹಾಕೋದೆಲ್ಲ ದೊಡ್ಡ ಊರಿನ ಮಾತು."

ಬಸಣ್ಣನ ಪ್ಯಾಂಟು ನನ್ನ ಕಣ್ಣ ಮುಂದೆ ಬಂದು ನಿಂತಿತು. ಹೊಸದರಂತೆ ಹೊಳೆಯುವ ಬಲಗಾಲು.

ಹಿಂದಿರುಗುವ ಬಸ್ಸಿನಲ್ಲಿ ಮೂವರೂ ಮೂರು ಕಡೆ ನೋಡುತ್ತ ಬಂದೆವು. ವ್ಯಾಯಾಮದ ಚೀಟಿ ಜೇಬಿನಲ್ಲಿತ್ತು. ಆದರೆ ಬಚ್ಚಲಿನಲ್ಲಿ ಕೇಳಿದ ಸದ್ದು ನನ್ನ ಕಿವಿಯಲ್ಲಿತ್ತು. ಬಗ್ಗಿಸಿದರೆ ಉಳಿದದ್ದೂ ಮುರಿದೀತು, ಬಗ್ಗಿಸದಿದ್ದರೆ ಕೂಡಿಸಿಬಿಡುತ್ತಾರೆ. ಮನೆಗೆ ಬಂದು ಕೆಲವು ದಿನ ನಾನು ಯಾವ ವ್ಯಾಯಾಮವನ್ನೂ ಮಾಡಲಿಲ್ಲ. ಅಂಜಿಕೆಯೊಂದೇ ಆ ದಿನಗಳಲ್ಲಿ ನಾನು ಮಾಡಿದ ಕಸರತ್ತು.

ಹಲೀಮಾಳೇ ಒಂದು ದಿನ ಸೆರಗು ಸರಿಮಾಡಿಕೊಂಡು ನಿಂತಳು. "ನನ್ನ ಬಾಣಂತನ ನೋಡಿದ ಡಾಕ್ಟರು ಹಗರಿಬೊಮ್ಮನಹಳ್ಳಿಯಾಗ ಇನ್ನೂ ಅದಾರ. ಕೇಳೂಣು ನಡೀರಿ."

"ಬಾಣಂತನಕ್ಕೂ ಮಂಡಿಗೂ ಏನ ಸಂಬಂಧ?"

"ಹೆದರಿಕಿ. ಆವಾಗ ನಾ ಹೆದರಿದ್ದೆ, ಈಗ ನೀವು."

ಆ ಡಾಕ್ಟರರು ಸರಕಾರಿ ನೌಕರಿಯಿಂದ ನಿವೃತ್ತರಾಗಿ ಮನೆಯ ಪಡಸಾಲೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಎಕ್ಸರೇ ನೋಡಿದರು, ಸರ್ಜನ್ನರ ಚೀಟಿ ಓದಿದರು. "ಅವರು ಬರದದ್ದೆಲ್ಲಾ ಸರಿ ಐತಿ. ಯಾಕ ಮಾಡಿಲ್ಲ?" ಎಂದರು.

ನಾನು ನಿಜ ಹೇಳಿದೆ. "ಅಂಜಿಕಿ ಸರ್. ಸವದದ್ದು ಇನ್ನೂ ಸವೀತೈತಿ ಅಂತ."

"ಕಸುಬು ಏನು?"

"ಟೇಲರ್ ಸರ್."

"ಕಾಲಿಂದ ತುಳಿಯೋ ಮಿಷನ್ನಾ?"

ದಾದಾಪೀರ್ ಎದೆಯುಬ್ಬಿಸಿ ಮುಂದೆ ಬಂದ. "ಮೊದಲು ಹಂಗ ಇತ್ರಿ ಸರ್. ಈಗ ಮೋಟರ್ ಕೂಡಿಸೀನಿ. ಕಾಲಿಗೆ ಒಂದು ಗುಲಗಂಜಿ ಕೆಲಸ ಇಲ್ಲ."

ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಲೀಮಾಳ ಕಡೆ ತಿರುಗಿ, "ಊಟ ಏನ ಕೊಡ್ತಿ ತಾಯಿ?" ಎಂದರು.

"ದಿನಾ ಕಾಲುಸೂಪು ಕೊಡತೀನ್ರಿ. ಬಿದ್ದ ದಿನದಿಂದ ಒಂದು ದಿನಾನೂ ತಪ್ಪಿಸಿಲ್ಲ."

"ಅಂದ್ರ ಊಟ ಊರತನಾ ಬಂದೈತಿ. ಮನಿಗೆ ಮುಟ್ಟಿಲ್ಲ."

ನಮ್ಮ ಮೂವರ ಮುಖದಲ್ಲೂ ಒಂದೇ ಬಗೆಯ ದಡ್ಡತನ ಕಂಡಿರಬೇಕು. ಮೇಜಿನ ಮೂಲೆಯಲ್ಲಿ ಲಕೋಟೆಯ ಅಂಚು ಒದ್ದೆ ಮಾಡುವ ಸ್ಪಂಜಿನ ಬಟ್ಟಲಿತ್ತು. ಎಷ್ಟು ದಿನದಿಂದ ನೀರು ಕಂಡಿರಲಿಲ್ಲವೋ, ಸ್ಪಂಜು ಒಣಗಿ ಕುಗ್ಗಿ ಹಪ್ಪಳವಾಗಿತ್ತು. ಡಾಕ್ಟರರು ಅದರ ಮೇಲೆ ಹೂಜಿಯಿಂದ ನಾಲ್ಕು ಹನಿ ನೀರು ಬಿಟ್ಟರು. ಹನಿಗಳು ಮೇಲೆಯೇ ಕೂತು ನಮ್ಮನ್ನು ನೋಡಿದವು.

"ಒತ್ತು" ಎಂದರು ನನಗೆ.

ಒತ್ತಿದೆ.

"ಬಿಡು."

ಬಿಟ್ಟೆ. ಒಂದು ಹನಿ ಒಳಗೆ ಹೋಯಿತು. ಮತ್ತೆ ಒತ್ತಿದೆ, ಬಿಟ್ಟೆ. ಇನ್ನೊಂದು ಹೋಯಿತು. ಸ್ವಲ್ಪ ಹೊತ್ತಿಗೆ ಸ್ಪಂಜು ಬೆರಳಿನ ಕೆಳಗೆ ಉಸಿರಾಡತೊಡಗಿತು.

"ಮೈಯಾಗ ಎಲ್ಲಾ ಕಡೀಗೂ ರಕ್ತ ಹೋಗಿ ಊಟ ಕೊಡತೈತಿ" ಎಂದರು ಡಾಕ್ಟರರು. "ಮಂಡಿ ಒಳಗಿನ ಗಾದಿಗೆ ರಕ್ತದ ನರ ಇಲ್ಲ. ಕೀಲಿನಾಗ ಒಂದು ಅಂಟುನೀರು ಐತಿ, ಅದರಾಗ ಗಾದಿಯ ಊಟ. ಕಾಲಿನ ಮ್ಯಾಲ ತೂಕ ಬಿದ್ದಾಗ ಗಾದಿ ಒಳಗಿನ ಹಳೇ ನೀರು ಹೊರಗ ಬರತೈತಿ. ತೂಕ ತೆಗೆದಾಗ ಹೊಸಾ ನೀರು ಒಳಗ ಹೋಗತೈತಿ. ಒತ್ತಬೇಕು, ಬಿಡಬೇಕು. ಅದಕ್ಕ ಬಾಯಿ ಅಂತ ಬ್ಯಾರೆ ಇಲ್ಲ. ನೀವು ಆರು ತಿಂಗಳು ಕಟ್ಟಿ ಇಟ್ಟು ಅದಕ್ಕ ರೋಜಾ ಮಾಡಿಸೀರಿ. ಸಂಜಿಗೆ ಬಿಡಲಾರದ ಉಪವಾಸ."

ದಾದಾಪೀರ್ ಗಂಟಲು ಸರಿಮಾಡಿಕೊಂಡ. ಅವನ ಧರ್ಮವೇ ಅಲುಗುತ್ತಿತ್ತು. "ಅಲ್ರಿ ಸರ್, ಗ್ರೀಸು ಹೊಡಿಯಾಕ ಹೊರಗಿಂದ ಒಂದು ನಿಪ್ಪಲ್ ಗಿಪ್ಪಲ್ ಏನೂ ಇಲ್ಲೇನ್ರಿ?"

"ಇವರ ನಡಿಗೀನ ಪಂಪು, ಅದ ನಿಪ್ಪಲ್ಲು. ನೀ ಅದನ್ನ ಕಳಚಿ ಗೂಟಕ್ಕ ಹಾಕಿದಿ."

"ಸವದದ್ದು ಮತ್ತ ಬರತೈತೇನ್ರಿ?" ಎಂದು ನಾನು ಕೇಳಿದೆ. ಇಲ್ಲ ಎನ್ನಬಾರದೆಂದು ಎದೆ ಹಿಡಿದುಕೊಂಡಿದ್ದೆ.

"ಬರೂದಿಲ್ಲ" ಎಂದರು. ಮುಚ್ಚುಮರೆ ಇಲ್ಲ. "ಉಳದದ್ದು ಉಪವಾಸ ಸಾಯಬಾರದು. ನಿಮ್ಮ ಕೈಯಾಗ ಇರೋದು ಅಷ್ಟ. ಕುಟ್ಟಬ್ಯಾಡ್ರಿ, ಜಿಗಿಬ್ಯಾಡ್ರಿ. ಚೀಟಿಯೊಳಗ ಬರದದ್ದು ಮಾಡ್ರಿ. ಮೋಟರ್ ತಗದು ಖಾಲಿ ಪೆಡಲ್ ತುಳೀರಿ. ಎಡಗಾಲು ತುಳೀಲಿ, ಬಲಗಾಲು ಸುಮ್ನ ಮ್ಯಾಲ ಕೂತು ಸವಾರಿ ಮಾಡ್ಲಿ. ಮೊದಲು ಎತ್ತರದ ಸ್ಟೂಲಿನ ಮ್ಯಾಲ. ಬರ್ತಾ ಬರ್ತಾ ಗಿಡ್ಡಂದು. ಊದಿಕೊಂಡ್ರ ಒಂದಿನ ಬಿಡ್ರಿ, ಬಂದು ತೋರಿಸ್ರಿ. ಸದ್ದಿಗೆ ಹೆದರಬ್ಯಾಡ್ರಿ."

ಹೊರಗೆ ಬಂದ ಮೇಲೆ ದಾದಾಪೀರ್ ಬಸ್ ನಿಲ್ದಾಣದವರೆಗೂ ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಆಮೇಲೆ, "ನಾನಾ ಅಲ್ಲೇನ್ರಿ ಮಾಡಿದ್ದು" ಎಂದ. ಹಲೀಮಾ, "ನೀ ಮೋಟರ್ ಹಾಕಿದಿ, ನಾ ಪಟ್ಟಿ ಕಟ್ಟಿದೆ, ಇವರು ಆರಾಮ ಕಾಲು ಚಾಚಿದರು. ಪಾಲು ಮಾಡಿಕೊಂಡ್ರ ಒಬ್ಬೊಬ್ಬರಿಗೆ ಸಣ್ಣಂದಾ ಬರತೈತಿ" ಎಂದಳು.

ಮಾರನೆಯ ದಿನವೇ ಅವನು ಮೋಟರ್ ಕಳಚಿದ. ಬೆಲ್ಟು ಹಾಕಲಿಲ್ಲ, ಕೆಳಗಿನ ಚಕ್ರ ಮಾತ್ರ ತಿರುಗಬೇಕು, ಮೇಲಿನ ಮಿಷನ್ ಸುಮ್ಮನಿರಬೇಕು. ಒಂದು ಎತ್ತರದ ಸ್ಟೂಲು ಮಾಡಿಸಿ ತಂದ. ಅದರ ಮೇಲೆ ನಾನು ಸಿಂಹಾಸನಾರೂಢನಾದೆ. ಬಟ್ಟೆಯಿಲ್ಲ, ದಾರವಿಲ್ಲ, ಸೂಜಿಯೂ ಅಲುಗುವುದಿಲ್ಲ. ಕೊಟ್ಟೂರಿನ ನಡುಹಗಲಿನಲ್ಲಿ ಒಬ್ಬ ಟೇಲರು ಗಂಭೀರವಾಗಿ ಏನನ್ನೂ ಹೊಲಿಯುತ್ತಿರಲಿಲ್ಲ. ದಾರಿಹೋಕರು ನಿಂತು ನೋಡುತ್ತಿದ್ದರು.

"ಮಾಸ್ತರ್, ಏನ್ ಹೊಲಿಯಾಕ ಹತ್ತೀರಿ?"

"ಮಂಡಿ."

ಹೇಳಲು ಸುಲಭ. ಮೊದಲ ವಾರ ಅಂಜಿಕೆಯಿಂದ ಬೆನ್ನು ಒದ್ದೆಯಾಗುತ್ತಿತ್ತು. ಚಕ್ರ ಒಂದು ಸುತ್ತು ಬಂದಾಗ ಮಂಡಿಯೊಳಗೆ ಕರಕ್ ಎಂದು ಸದ್ದು. ಈಗ ಮುರಿಯಿತು, ಈಗ ಮುರಿಯಿತು ಎಂದು ಹಲ್ಲು ಕಚ್ಚಿ ಕಾಯುತ್ತಿದ್ದೆ. ಮುರಿಯುತ್ತಿರಲಿಲ್ಲ. ಮುಂದಿನ ಸುತ್ತಿಗೆ ಮತ್ತೆ ಅದೇ ಕಾಯುವಿಕೆ. ಒಂದೆರಡು ಸಲ ಊದಿಕೊಂಡಿತು. ಎಲ್ಲ ಮುಗಿಯಿತು ಎಂದು ಹಗರಿಬೊಮ್ಮನಹಳ್ಳಿಗೆ ಓಡಿದೆವು. ಡಾಕ್ಟರರು ಮುಟ್ಟಿ ನೋಡಿ, "ಒಂದಿನ ಸೂಟಿ ಕೊಡ್ರಿ, ಮತ್ತ ಕೆಲಸಕ್ಕ ಹಚ್ಚರಿ" ಎಂದರು. ಬೆದರಿದಾಗೆಲ್ಲ ನಾನು ಕಣ್ಣು ಮುಚ್ಚಿ ಆ ಸ್ಪಂಜನ್ನು ನೆನೆಯುತ್ತಿದ್ದೆ. ಒತ್ತಿದೆ, ಒಂದು ಹನಿ ಬಂತು. ಬಿಟ್ಟೆ, ಒಂದು ಹನಿ ಹೋಯಿತು. ಹೋಯಿತೋ ಇಲ್ಲವೋ ನೋಡಿದವರು ಯಾರು? ಕಾಣದ್ದನ್ನು ನಂಬುವ ಅಭ್ಯಾಸ ನನಗೆ ಮಸೀದಿಯಲ್ಲಿ ಆಗಿತ್ತು. ಮಂಡಿಯ ವಿಷಯದಲ್ಲಿ ಅದು ಹೊಸದು.

ವಾರಕ್ಕೊಮ್ಮೆ ದಾದಾಪೀರ್ ಗರಗಸ ಹಿಡಿದು ಬರುತ್ತಿದ್ದ. ಸ್ಟೂಲನ್ನು ತಲೆಕೆಳಗು ಮಾಡಿ, ನಾಲ್ಕೂ ಕಾಲಿನಿಂದ ಒಂದು ಬೆರಳಿನಷ್ಟು ಕೊಯ್ದು, ಮತ್ತೆ ಇಡುತ್ತಿದ್ದ. ಸ್ಟೂಲು ಗಿಡ್ಡವಾದಷ್ಟೂ ಪೆಡಲಿನ ಮೇಲಿನ ನನ್ನ ಮಂಡಿ ಹೆಚ್ಚು ಬಗ್ಗಲೇಬೇಕು. ಗರಗಸದ ಸದ್ದು ಕೇಳಿದರೆ ನನ್ನ ಕಾಲನ್ನೇ ಕೊಯ್ಯುತ್ತಿದ್ದಾನೆ ಅನ್ನಿಸುತ್ತಿತ್ತು.

"ಈ ವಾರ ಬ್ಯಾಡಪ, ಮುಂದಿನ ವಾರ ಕೊಯ್ಯು."

"ಸ್ಟೂಲ್ ಕೊಯ್ಲೋ, ದಾವಣಗೆರಿಯಾಗ ಕಾಲು ಕೊಯ್ಸಿಕೊಂತೀರೋ, ಹೇಳ್ರಿ."

"ಕೊಯ್ಯು."

ಕೊಯ್ದ ಮರದ ಬಿಲ್ಲೆಗಳನ್ನು ಹಲೀಮಾ ಒಲೆಗೆ ಹಾಕದೆ ಗೂಡಿನಲ್ಲಿ ಇಡುತ್ತಿದ್ದಳು. ಯಾಕೆ ಎಂದರೆ, "ಇರ್ಲಿ" ಎನ್ನುತ್ತಿದ್ದಳು.

ಗಡುವಿನ ದಿನ ಬಂತು. ಮತ್ತೆ ಅದೇ ಹಾಲು, ಅದೇ ಕಾಲುಗಳ ಸಂತೆ. ನನ್ನ ಪಕ್ಕ ಹಲವಾಗಲಿನ ಕಡೆಯ ಒಬ್ಬ ರೈತ ಕೂತಿದ್ದ. ಮಂಡಿಗೆ ಟವೆಲ್ ಬಿಗಿದು, ಕಾಲನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ನನ್ನ ಕಾಲನ್ನೇ ನೋಡುತ್ತಿದ್ದ. ಆಗ ಗೊತ್ತಾಯಿತು, ನನ್ನ ಎರಡೂ ಪಾದ ಇಲ್ಲದ ಪೆಡಲ್ ತುಳಿಯುತ್ತಿದ್ದವು.

"ಹಂಗ್ಯಾಕ ಕಾಲು ಆಡಸ್ತೀರಿ?" ಎಂದ.

"ಅಂಜಿಕಿ" ಎಂದೆ.

ಅವನು ನನ್ನನ್ನು ನೋಡಿದ. ಬೆಂಚಿಗೆ ಬಂದಾಗಿನಿಂದ ಕಾಲು ಬಿಟ್ಟು ಮುಖ ನೋಡಿದ ಮೊದಲ ಮನುಷ್ಯ. "ನನಗೂ ಐತ್ರಿ" ಎಂದ. ನನ್ನ ಹೆಸರು ಕೂಗಿದಾಗ ಅವನು ನನ್ನ ಊರುಗೋಲನ್ನು ಎತ್ತಿ ಕೈಗೆ ಕೊಟ್ಟ.

ಸರ್ಜನ್ನರು ಕುರ್ಚಿ ತೋರಿಸಿದರು. ಕೂತೆ. ಎಡಪಾದ ನೆಲಕ್ಕೆ ಊರಿತು. ಬಲಪಾದದ ಹಿಮ್ಮಡಿ ಜಾರುತ್ತ ಜಾರುತ್ತ ಹಿಂದೆ ಬಂತು. ಒಂದು ಕಡೆ ನಿಂತಿತು. ಬೆವರು ಹುಬ್ಬಿನಿಂದ ಇಳಿಯಿತು. ದಾದಾಪೀರ್ ಬಾಗಿಲ ಬಳಿ ಪಿಸುಗುಟ್ಟಿದ, "ಒತ್ತರಿ. ಬಿಡ್ರಿ." ಒತ್ತಿದೆ, ಬಿಟ್ಟೆ. ಇನ್ನೊಂದು ಬೆರಳಿನಷ್ಟು ಹಿಂದೆ ಬಂತು. ಸ್ಟೂಲಿನ ಕೊನೆಯ ಬಿಲ್ಲೆಯಷ್ಟು. ಪಾದ ಪೂರ್ತಿ ನೆಲಕ್ಕೆ ಕೂತಿತು.

ಸರ್ಜನ್ನರು ಬಗ್ಗಿ ನೋಡಿದರು, ಕೈಯಿಂದ ಆಡಿಸಿ ನೋಡಿದರು. "ಅರಿವಳಿಕೆ ಬೇಡ. ಕೊಯ್ಯೋದೂ ಬೇಡ" ಎಂದರು. "ಆದರೆ ಇದು ಹಳೇ ಮಂಡಿ ಅಂತ ತಿಳ್ಕೊಬೇಡಿ. ಹುಷಾರಾಗಿ ಇಟ್ಕೊಳ್ಳಿ. ನಿಲ್ಲಿಸಿ ಇಡಬೇಡಿ, ಅಷ್ಟೇ."

ಹೊರಗೆ ಬಂದಾಗ ಆ ಹಲವಾಗಲಿನವನು ಎಕ್ಸರೇ ಕೋಣೆಗೆ ಹೋಗಿಯಾಗಿತ್ತು. ಅವನಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಇದನ್ನು ಬರೆಯುವಾಗ ಅವನೇ ಓದುತ್ತಾನೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಆಮೇಲೂ ಬಹಳ ದಿನ ನಾನು ಮಸೀದಿಯಲ್ಲಿ ಸಾಲಿನ ತುದಿಗೆ ಕುರ್ಚಿ ಹಾಕಿಕೊಂಡೇ ನಮಾಜು ಮಾಡಿದೆ. ಕುರ್ಚಿಯವರೆಗೆ ಬಗ್ಗುವುದು ಬೇರೆ, ನೆಲದವರೆಗೆ ಬಗ್ಗುವುದು ಬೇರೆ. ಹಣೆ ನೆಲಕ್ಕೆ ಮುಟ್ಟಿಸುವ ಆಸೆ ಇತ್ತು. ನಡುವೆ ಆ ಸದ್ದಿನ ನೆನಪಿತ್ತು. ಅಂಗಡಿಯಲ್ಲಿ ಸ್ಟೂಲು ಬರುಬರುತ್ತ ಗಿಡ್ಡವಾಗಿ ಮಣೆಯಾಗಿತ್ತು. ಅದರ ಮೇಲೆ ಕೂತು ಮಿಷನ್ ಕಾಣುವುದೇ ಕಷ್ಟ. ಹೊಲಿಯಲು ಮಾತ್ರ ಬೇರೆ ಸ್ಟೂಲಿತ್ತು, ಬೆಲ್ಟು ತನ್ನ ಜಾಗಕ್ಕೆ ಮರಳಿತ್ತು.

ಒಂದು ಶುಕ್ರವಾರ ಕುರ್ಚಿಯನ್ನು ಗೋಡೆಗೆ ಸರಿಸಿ ಸಾಲಿನಲ್ಲಿ ನಿಂತೆ. ದಾದಾಪೀರ್ ಆ ದಿನ ಊರಿಗೆ ಬಂದಿದ್ದ, ನನ್ನ ಪಕ್ಕದಲ್ಲೇ ಇದ್ದ. ಬಗ್ಗಿದೆ. ಮಂಡಿ ನೆಲ ಮುಟ್ಟಿತು. ಕರಕ್ ಎಂದಿತು. ಅದರ ಪಾಡಿಗೆ ಅದನ್ನು ಬಿಟ್ಟು ಹಣೆಯನ್ನು ಚಾಪೆಗೆ ಹಚ್ಚಿದೆ. ವರ್ಷದ ಮೇಲಾಗಿತ್ತು. ಚಾಪೆಯ ವಾಸನೆ ಮರೆತೇಹೋಗಿತ್ತು.

ನಮಾಜು ಮುಗಿಯಿತು. ಜನ ಎದ್ದರು, ಚಪ್ಪಲಿ ಹುಡುಕಿದರು, ಹೋದರು. ನಾನು ಮಂಡಿಯೂರಿ ಕೂತೇ ಇದ್ದೆ. ಹೋಗುತ್ತಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ, "ಕಷ್ಟ ಬಂದ ಮ್ಯಾಲ ಮನುಷ್ಯಾಗ ಭಕ್ತಿ ಬರತೈತಿ ನೋಡ್ರಿ" ಎಂದು ಮೆಚ್ಚಿಕೊಂಡು ಹೋದರು. ಮಸೀದಿ ಖಾಲಿಯಾಯಿತು. ಬಾಗಿಲ ಬಳಿ ದಾದಾಪೀರ್ ನನ್ನ ಚಪ್ಪಲಿಯನ್ನೂ ಹಿಡಿದು ನಿಂತಿದ್ದ.

"ದುಲ್ಹಾಭಾಯ್, ಇನ್ನೂ ಎಷ್ಟು ಬೇಡತೀರಿ?"

"ಬೇಡೋದು ಯಾವಾಗೋ ಮುಗದೈತಿ. ಏಳೋದು ಉಳದೈತಿ."

ಅವನು ಚಪ್ಪಲಿ ಕೆಳಗಿಟ್ಟು ಒಳಗೆ ಬಂದ. ಎತ್ತುತ್ತಾನೆ ಎಂದು ಕೈ ಚಾಚಿದೆ. ಕೈ ಹಿಡಿಯಲಿಲ್ಲ. ನನ್ನ ಎದುರಿಗೆ ತಾನೂ ಮಂಡಿಯೂರಿ ಕೂತ. ಗ್ರೀಸಿನ ಬೆರಳನ್ನು ನನ್ನ ಬಲ ಮಂಡಿಯ ಮೇಲಿಟ್ಟ, ಎಂಜಿನ್ನಿನ ಬಿಸಿ ನೋಡುವಂತೆ.

"ಅವಸರ ಇಲ್ಲ. ಒತ್ತರಿ, ಬಿಡ್ರಿ. ಊಟ ಮಾಡಾಕ ಹತ್ತೈತಿ, ಮಾಡ್ಲಿ." ಆಮೇಲೆ ನನ್ನ ಕಾಲ ಕೆಳಗಿನ ಚಾಪೆ ನೋಡಿ ನಕ್ಕ. "ನನ್ನ ಗರಗಸಕ್ಕ ಇನ್ನ ಕೊಯ್ಯಾಕ ಏನೂ ಉಳದಿಲ್ಲ ದುಲ್ಹಾಭಾಯ್. ನೆಲ ಬಂತು."